ಡ್ಯಾಶ್‌ಹಂಡ್ ಬೆನ್ನಿಗೆ ಫಿಸಿಯೋಥೆರಪಿ: ಐದು ತಿಂಗಳು ಓಡಾಡಿದ ಮೇಲೆ ಬರೆಯುತ್ತಿದ್ದೇನೆ

ನಮ್ಮ ಕೆಂಪಿಗೆ ಆರು ವರ್ಷ. ಡ್ಯಾಶ್‌ಹಂಡ್ ಜಾತಿ. ಉದ್ದ ಬೆನ್ನು, ಗಿಡ್ಡ ಕಾಲು, ಅಚ್ಚುಬೆಲ್ಲದ ಬಣ್ಣ. ಅರಕಲಗೂಡು ಹತ್ತಿರ ಅಜ್ಜನ ಮನೆಯಲ್ಲಿದ್ದ ಹಸುವಿನ ಹೆಸರನ್ನೇ ಅಮ್ಮ ಇವಳಿಗೂ ಇಟ್ಟರು. ಡಿಸೆಂಬರ್‌ನಲ್ಲಿ ಇವಳ ಎರಡೂ ಹಿಂಗಾಲು ಬಿದ್ದುಹೋದವು. ಈಗ ನಡೆಯುತ್ತಾಳೆ. ಮಧ್ಯದ ಐದು ತಿಂಗಳಲ್ಲಿ ಈ ಫಿಸಿಯೋಥೆರಪಿ ಸೆಂಟರ್‌ಗೆ 26 ಸಲ ಹೋಗಿ ಬಂದಿದ್ದೇವೆ. ಮೊದಲ ವಾರವೇ ಐದು ಸ್ಟಾರ್ ಕೊಟ್ಟು ಎರಡು ಸಾಲು ಬರೆಯಬಹುದಿತ್ತು. ಆದರೆ ನಾಯಿಗೆ ಫಿಸಿಯೋ ಅಂದರೆ ಏನು, ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಆಗುತ್ತಾ ಅಂತ ನಾನೇ ರಾತ್ರಿಯೆಲ್ಲಾ ಹುಡುಕಿದಾಗ ಕನ್ನಡದಲ್ಲಿ ಒಂದು ಪೂರ್ತಿ ಅನುಭವ ಸಿಗಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಹೀಗೆ. ಒಂದು ಸಂಜೆ ದಿವಾನ್ ಮೇಲಿಂದ ಹಾರಿದಳು, ದಿನಾ ಹಾರುವ ಹಾಗೇ. ರಾತ್ರಿ ಊಟ ಬಿಟ್ಟಳು. ಎತ್ತಿಕೊಳ್ಳಲು ಹೋದರೆ ಕುಯ್ ಅಂದಳು. ಬೆಳಿಗ್ಗೆ ಹಿಂಭಾಗ ತೂರಾಡುತ್ತಿತ್ತು, ಕುಡಿದವರ ನಡಿಗೆ ತರ. ಹತ್ತಿರದ ಕ್ಲಿನಿಕ್ ಒಂದರಲ್ಲಿ ನೋವಿಗೆ ಇಂಜೆಕ್ಷನ್ ಕೊಟ್ಟು, ಉಳುಕಿರಬೇಕು, ಓಡಾಡಿಸಿ, ಸರಿಹೋಗುತ್ತೆ ಅಂದರು. ನಾನೂ ನಂಬಿ ಓಡಾಡಿಸಿದೆ. ಅದು ತಪ್ಪು. ಇಂಥ ಬೆನ್ನಿಗೆ ಆ ಹೊತ್ತಲ್ಲಿ ಬೇಕಾಗಿದ್ದು ಒಂದೇ ಜಾಗದಲ್ಲಿ ಕಟ್ಟುನಿಟ್ಟಿನ ವಿಶ್ರಾಂತಿ. ಮೂರನೇ ದಿನ ಎರಡೂ ಕಾಲು ಹಿಂದಕ್ಕೆ ಚಾಚಿಕೊಂಡು, ಮುಂಗಾಲಲ್ಲೇ ಮೈ ಎಳೆದುಕೊಂಡು ನೀರಿನ ಬಟ್ಟಲಿನ ಹತ್ತಿರ ಹೋದಳು. ಅದನ್ನು ನೋಡಿದ ಅಮ್ಮ ಅಡುಗೆಮನೆ ಬಾಗಿಲಲ್ಲೇ ಕೂತುಬಿಟ್ಟರು.

ಬೇರೆ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರ್ ಮೊದಲು ಮಾಡಿದ್ದು ಹಿಂಗಾಲ ಬೆರಳನ್ನು ಚಿಮುಟದಲ್ಲಿ ಗಟ್ಟಿಯಾಗಿ ಒತ್ತಿದ್ದು. ಕೆಂಪಿ ಕಾಲು ಹಿಂದಕ್ಕೆ ಎಳೆದುಕೊಂಡಳು. ನನಗೆ ಖುಷಿ ಆಯಿತು. ಡಾಕ್ಟರ್ ತಲೆ ಅಲ್ಲಾಡಿಸಿದರು. "ಅದು ಲೆಕ್ಕಕ್ಕಿಲ್ಲ ಮೇಡಂ, ಕಾಲು ತಾನಾಗಿಯೇ ಎಳೆದುಕೊಳ್ಳುತ್ತೆ. ನೋವು ತಲೆಗೆ ಮುಟ್ಟಿದರೆ ತಿರುಗಿ ನೋಡಬೇಕು, ಇಲ್ಲಾ ಕೂಗಬೇಕು" ಅಂದರು. ಇನ್ನೊಮ್ಮೆ ಒತ್ತಿದರು. ಈ ಸಲ ತಿರುಗಿ ಅವರ ಕೈ ಕಡೆ ಬಾಯಿ ಹಾಕಲು ಬಂದಳು. ಅವತ್ತು ನನಗೆ ಸಿಕ್ಕ ಒಂದೇ ಒಳ್ಳೆ ಸುದ್ದಿ ಅದು. ಆ ಆಳದ ನೋವು ಗೊತ್ತಾಗುತ್ತಿದ್ದರೆ ಆಪರೇಷನ್ ಆದಮೇಲೆ ಹೆಚ್ಚಿನ ನಾಯಿಗಳು ಮತ್ತೆ ನಡೆಯುತ್ತವೆ. ಅದೂ ಹೋಗಿದ್ದರೆ ಹೆಚ್ಚುಕಮ್ಮಿ ಅರ್ಧ ಮಾತ್ರ. ಎಂಆರ್‌ಐಯಲ್ಲಿ ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಒಡೆದು ನರದ ಹುರಿಯನ್ನು ಒತ್ತುತ್ತಿರುವುದು ಕಂಡಿತು. ಮರುದಿನವೇ ಆಪರೇಷನ್.

ಹಾರಲು ಬಿಟ್ಟಿದ್ದಕ್ಕೇ ಹೀಗಾಯಿತು ಅಂತ ಅಮ್ಮ ತುಂಬಾ ನೊಂದುಕೊಂಡರು. ಅದು ಪೂರ್ತಿ ನಿಜ ಅಲ್ಲ. ಈ ಜಾತಿಯಲ್ಲಿ ಕಾಲು ಗಿಡ್ಡ ಮಾಡುವ ಗುಣವೇ ಡಿಸ್ಕನ್ನೂ ಬೇಗ ಹಾಳು ಮಾಡುತ್ತದೆ. ಎಳೆ ವಯಸ್ಸಿನಲ್ಲೇ ಡಿಸ್ಕ್ ಒಣಗಿ, ಸುಣ್ಣ ಕಟ್ಟಿದ ಹಾಗೆ ಗಟ್ಟಿಯಾಗುತ್ತಾ ಬರುತ್ತದೆ. ಹಾರಿದ್ದು ಕೊನೆಯ ನೆಪ ಅಷ್ಟೇ. ಡ್ಯಾಶ್‌ಹಂಡ್ ಇಟ್ಟುಕೊಂಡವರು ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಮರಿ ಮಾರುವವರು ಯಾರೂ ಹೇಳುವುದಿಲ್ಲ.

ಈಗ ಸೆಂಟರ್ ವಿಷಯ. ಆಪರೇಷನ್ ಆಗಿ ಎಂಟನೇ ದಿನ ಮೊದಲ ಸಲ ಹೋದೆ. ನನ್ನ ತಲೆಯಲ್ಲಿ ಇದ್ದದ್ದು ನೀರಿನ ಟ್ರೆಡ್‌ಮಿಲ್. ವಿಡಿಯೋಗಳಲ್ಲಿ ನೋಡಿರುತ್ತೀರಲ್ವಾ, ಗಾಜಿನ ಪೆಟ್ಟಿಗೆ, ಒಳಗೆ ನೀರು, ಕೆಳಗೆ ಬೆಲ್ಟ್. ಅದರಲ್ಲಿ ಬಿಟ್ಟರೆ ನಡೆಯುತ್ತಾಳೆ ಅಂತ ನಂಬಿಕೊಂಡು ಹೋಗಿದ್ದೆ. ಥೆರಪಿಸ್ಟ್ ಹೊಲಿಗೆ ನೋಡಿ, "ಇವತ್ತು ನೀರು ಇಲ್ಲ. ಗಾಯ ಪೂರ್ತಿ ಮಾಗಲಿ" ಅಂದುಬಿಟ್ಟರು. ನನಗೆ ನಿರಾಸೆ ಆಯಿತು. ಈಗ ಯೋಚಿಸಿದರೆ ಆ ಜಾಗದ ಮೇಲೆ ನಂಬಿಕೆ ಬಂದಿದ್ದೇ ಅಲ್ಲಿ. ನೀರಿನ ಸೆಷನ್‌ಗೆ 1,400 ರೂಪಾಯಿ, ನೀರಿಲ್ಲದ್ದಕ್ಕೆ 800. ದುಡ್ಡೇ ಮುಖ್ಯ ಆಗಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಆ ದಿನ ಒಂದು ಗಂಟೆ ಬರೀ ಪರೀಕ್ಷೆ. ಬಟ್ಟೆ ಹೊಲಿಯುವವರ ಟೇಪ್ ತಗೊಂಡು ಎರಡೂ ತೊಡೆಯ ಸುತ್ತಳತೆ ತೆಗೆದರು. ಬಲ 17, ಎಡ 15.5 ಸೆಂಟಿಮೀಟರ್. ಕಾಲು ಬಳಸದೆ ಇದ್ದರೆ ಮಾಂಸ ಎಷ್ಟು ಬೇಗ ಕರಗುತ್ತದೆ ಅಂತ ನನಗೆ ಅಂದಾಜೇ ಇರಲಿಲ್ಲ. ಆಮೇಲೆ ಕೆಂಪಿಯನ್ನು ಎತ್ತಿ ನಿಲ್ಲಿಸಿ, ಹಿಂಗಾಲ ಪಂಜವನ್ನು ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಟ್ಟರು. ಸರಿಯಿರುವ ನಾಯಿ ತಕ್ಷಣ ತಿರುಗಿಸಿಕೊಂಡು ನೆಟ್ಟಗೆ ಇಡುತ್ತದೆ. ಕೆಂಪಿ ಇಡಲಿಲ್ಲ. ಪಂಜ ಮಡಚಿಕೊಂಡೇ ಇತ್ತು, ಅದು ಅವಳದ್ದೇ ಅಲ್ಲವೇನೋ ಅನ್ನುವ ಹಾಗೆ. ಕಾಲು ಎಲ್ಲಿದೆ ಅನ್ನುವ ಸುದ್ದಿಯೇ ತಲೆಗೆ ಮುಟ್ಟುತ್ತಿಲ್ಲ, ಮೊದಲು ಆ ಸುದ್ದಿ ಹೋಗುವ ದಾರಿ ಮಾಡಬೇಕು, ಬಲ ಆಮೇಲೆ ಬರುತ್ತೆ ಅಂತ ವಿವರಿಸಿದರು.

ಅದಾದಮೇಲೆ ನನ್ನನ್ನು ಮ್ಯಾಟ್ ಮೇಲೆ ಕೂರಿಸಿದರು. ಇನ್ನು ಮೇಲೆ ನೀವು ಮಾಡಿ, ನಾನು ನೋಡುತ್ತೇನೆ ಅಂದರು. ಬೆರಳು, ಹರಡು, ಮೊಣಕಾಲು, ಸೊಂಟ, ಒಂದೊಂದೇ ಕೀಲನ್ನು ನಿಧಾನಕ್ಕೆ ಮಡಚಿ ಬಿಡಿಸುವುದು, ಹತ್ತು ಹತ್ತು ಸಲ. ಸೈಕಲ್ ತುಳಿಸಿದ ಹಾಗೆ ಕಾಲು ಆಡಿಸುವುದು. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಪಂಜದ ಅಡಿ ಉಜ್ಜುವುದು. ಹೊಟ್ಟೆ ಕೆಳಗೆ ಸುತ್ತಿದ ಟವೆಲ್ ಇಟ್ಟು ನಾಲ್ಕೂ ಕಾಲ ಮೇಲೆ ನಿಲ್ಲಿಸಿ, ಸೊಂಟವನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಳ್ಳುವುದು. ನನ್ನ ಕೈ ಗಟ್ಟಿಯಾದಾಗ ಅವರು ನನ್ನ ಮಣಿಕಟ್ಟು ಹಿಡಿದು, "ಹೂವು ಬಿಡಿಸುವ ಹಾಗೆ ಹಿಡೀರಿ" ಅಂದರು. ಮೂರು ಸಲ ಮಾಡಿಸಿ, ವಿಡಿಯೋ ತೆಗೆದು ವಾಟ್ಸಾಪ್‌ಗೆ ಕಳಿಸಿದರು. ದಿನಕ್ಕೆ ಮೂರು ಹೊತ್ತು ಮಾಡಬೇಕು ಅಂತ ಹೇಳಿದರು.

ಈ ಸೆಂಟರ್ ಬಗ್ಗೆ ನನಗೆ ಹೇಳಬೇಕಾಗಿರುವ ಮುಖ್ಯ ವಿಷಯ ಇದೇ. ಇವರು ನಾಯಿಗೆ ಎಷ್ಟು ಹೊತ್ತು ಕೊಡುತ್ತಾರೋ ಅಷ್ಟೇ ಹೊತ್ತು ಮನೆಯವರಿಗೂ ಕೊಡುತ್ತಾರೆ. ವಾರಕ್ಕೆ ಎರಡು ಸೆಷನ್ ಅಂದರೆ ಒಂದೂವರೆ ಗಂಟೆ. ಉಳಿದ ಹೊತ್ತೆಲ್ಲ ನಾಯಿ ಮನೆಯಲ್ಲೇ ಇರುತ್ತೆ ಅಲ್ವಾ? ಅಲ್ಲಿ ಏನೂ ನಡೆಯದಿದ್ದರೆ ಸೆಂಟರ್‌ನಲ್ಲಿ ಎಷ್ಟು ದೊಡ್ಡ ಮೆಷಿನ್ ಇದ್ದರೂ ಉಪಯೋಗವಿಲ್ಲ. ಪ್ರತಿ ಸಲ ಹೋದಾಗ ಮೊದಲ ಹತ್ತು ನಿಮಿಷ ನಾನು ಮಾಡಿ ತೋರಿಸಬೇಕಿತ್ತು. ತಪ್ಪಿದ್ದರೆ ತಿದ್ದುತ್ತಿದ್ದರು. ಅಮ್ಮನಿಗೂ ಕಲಿಸಿದರು. ಥೆರಪಿಸ್ಟ್ ಕೇರಳದವರು, ಕನ್ನಡ ಇಲ್ಲಿಗೆ ಬಂದಮೇಲೆ ಕಲಿತಿದ್ದು, ಆದರೂ ಅಮ್ಮನ ಹತ್ತಿರ ಒಂದು ಇಂಗ್ಲಿಷ್ ಪದ ಬಳಸದೆ ಎಲ್ಲ ಹೇಳಿಕೊಟ್ಟರು. ರಿಪೋರ್ಟ್ ಇಂಗ್ಲಿಷ್‌ನಲ್ಲಿ ಇರುತ್ತೆ, ಆದರೆ ಸಾಲು ಸಾಲು ಓದಿ ಅರ್ಥ ಹೇಳುತ್ತಾರೆ.

ಒಂದು ದಿನ ಅವರು ಕೆಂಪಿಯ ತೊಡೆ ನೀವುತ್ತಿದ್ದಾಗ ಅಮ್ಮ ಸುಮ್ನೆ ನೋಡುತ್ತಾ ಇದ್ದವರು ಹಳೇ ಕೆಂಪಿ ಕಥೆ ತೆಗೆದರು. ಆ ಹಸುವಿಗೆ ಕರು ಹಾಕಿದ ಮಾರನೇ ದಿನ ಹಾಲುಜ್ವರ ಬಂದು ಮಲಗಿಬಿಟ್ಟಿತ್ತು. ಡಾಕ್ಟರ್ ಬಂದು ನರಕ್ಕೆ ಕ್ಯಾಲ್ಸಿಯಂ ಹಾಕಿದರು, ಆದರೆ ರಾತ್ರಿಯೆಲ್ಲಾ ಒಂದೇ ಮಗ್ಗುಲಲ್ಲಿ ಮಲಗಿದ್ದ ಹಸು ಏಳಲಿಲ್ಲ. ಅಜ್ಜ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ಒಣಹುಲ್ಲು ಹಾಸಿ, ಪಕ್ಕದ ಮನೆಯ ಇಬ್ಬರನ್ನು ಕರೆದುಕೊಂಡು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರಂತೆ, ಹುಲ್ಲಿನ ಸಿಂಬೆ ಮಾಡಿ ಕಾಲು ತಿಕ್ಕುತ್ತಿದ್ದರಂತೆ. ಎರಡನೇ ದಿನ ಹಸು ಎದ್ದು ನಿಂತಿತು. "ನಮ್ಮಪ್ಪನೂ ಹೀಗೇ ತಿಕ್ಕುತ್ತಿದ್ದರಮ್ಮ" ಅಂದರು ಅಮ್ಮ. "ಅದೂ ಫಿಸಿಯೋನೇ ಅಮ್ಮ. ಅಷ್ಟು ಭಾರದ ಪ್ರಾಣಿ ಒಂದೇ ಕಡೆ ಮಲಗಿದರೆ ಅದರ ತೂಕಕ್ಕೇ ಕೆಳಗಿನ ಕಾಲಿನ ಮಾಂಸ, ನರ ಎಲ್ಲ ಜಜ್ಜಿಹೋಗುತ್ತೆ. ನಿಮ್ಮಪ್ಪ ಮಗ್ಗುಲು ಬದಲಿಸಿದ್ದಕ್ಕೇ ಹಸು ಉಳಿದಿದ್ದು" ಅಂದರು ಅವರು. ಅಮ್ಮ ಅವತ್ತಿನಿಂದ ಮಧ್ಯಾಹ್ನದ ವ್ಯಾಯಾಮ ಒಂದು ದಿನವೂ ತಪ್ಪಿಸಿಲ್ಲ.

ನೀರಿಗೆ ಇಳಿಸಿದ್ದು ಆರನೇ ಸೆಷನ್‌ನಲ್ಲಿ. ಉಗುರು ಬೆಚ್ಚಗಿನ ನೀರು. ಪೆಟ್ಟಿಗೆ ಒಳಗೆ ನಿಲ್ಲಿಸಿ, ಕೆಳಗಿನಿಂದ ನಿಧಾನಕ್ಕೆ ತುಂಬಿಸುತ್ತಾರೆ. ನೀರು ಸೊಂಟದ ಮಟ್ಟಕ್ಕೆ ಬಂದಾಗ ಕಾಲ ಮೇಲೆ ಬೀಳುವುದು ನಾಯಿಯ ತೂಕದ ಸುಮಾರು 38% ಮಾತ್ರ. ಮೊಣಕಾಲ ಮಟ್ಟಕ್ಕೆ ಇಳಿಸಿದರೆ ಅದು ಸುಮಾರು 85% ಆಗುತ್ತೆ. ಕೆಂಪಿ ಆಗ 9.4 ಕೆಜಿ. ಅಂದರೆ ಸೊಂಟದ ಮಟ್ಟದ ನೀರಿನಲ್ಲಿ ಅವಳು ಹೊರಬೇಕಾದ್ದು ಮೂರೂವರೆ ಕೆಜಿ ಚಿಲ್ಲರೆ. ನೆಲದ ಮೇಲೆ ನಿಲ್ಲಲಾಗದ ಕಾಲು ಅಷ್ಟನ್ನು ಹೊತ್ತುಕೊಳ್ಳುತ್ತದೆ. ಜೊತೆಗೆ ನೀರನ್ನು ತಳ್ಳಿಕೊಂಡು ನಡೆಯಬೇಕಾದ್ದರಿಂದ ಮಾಂಸಖಂಡಕ್ಕೆ ಕೆಲಸವೂ ಸಿಗುತ್ತದೆ. ಥೆರಪಿಸ್ಟ್ ರಬ್ಬರ್ ಪ್ಯಾಂಟ್ ಹಾಕಿಕೊಂಡು ತಾವೇ ಒಳಗೆ ಇಳಿದು, ಹಿಂದಿನಿಂದ ಎರಡೂ ಕಾಲನ್ನು ಹಿಡಿದು ಒಂದಾದ ಮೇಲೊಂದು ಹೆಜ್ಜೆ ಇಡಿಸಿದರು. ಎರಡು ನಿಮಿಷ ನಡಿಗೆ, ಎರಡು ನಿಮಿಷ ವಿಶ್ರಾಂತಿ, ಮೂರು ಸಲ. ಅಷ್ಟಕ್ಕೇ ಸುಸ್ತಾಗಿ ಮನೆಗೆ ಬಂದು ನಾಲ್ಕು ಗಂಟೆ ನಿದ್ದೆ ಮಾಡಿದಳು.

ಹತ್ತನೇ ಸೆಷನ್ ಇರಬೇಕು. ಗಾಜಿನ ಆಚೆ ನಾನು ಮಂಡಿಯೂರಿ ಕೂತಿದ್ದೆ, ಕೈಯಲ್ಲಿ ಬೇಯಿಸಿದ ಕೋಳಿ ಚೂರು. ಥೆರಪಿಸ್ಟ್ ಬಲಗಾಲನ್ನು ಇಟ್ಟು, ಎಡಗಾಲು ಹಿಡಿಯಲು ಕೈ ಬದಲಿಸುತ್ತಿದ್ದರು. ಅಷ್ಟರಲ್ಲಿ ಎಡಗಾಲು ತಾನೇ ಮುಂದಕ್ಕೆ ಬಂತು. ಪಂಜ ಸ್ವಲ್ಪ ಮಡಚಿಕೊಂಡಿತ್ತು, ಬೆಲ್ಟ್‌ಗೆ ತಾಗಿ ಬಿಚ್ಚಿಕೊಂಡಿತು. ಅವರು ಕೈ ಮೇಲೆತ್ತಿ ನನಗೆ ತೋರಿಸಿದರು, ನಾನು ಹಿಡಿದಿಲ್ಲ ಅಂತ. ಮಾತಾಡಲಿಲ್ಲ, ಕೆಂಪಿಯ ಗಮನ ತಪ್ಪಬಾರದು ಅಂತ. ನಾನು ಗಾಜಿಗೆ ಹಣೆ ಒತ್ತಿಕೊಂಡು ಅತ್ತೆ.

ಲೇಸರ್ ಮತ್ತು ಕರೆಂಟ್ ಚಿಕಿತ್ಸೆ ಕೂಡ ಮಾಡುತ್ತಾರೆ. ಲೇಸರ್ ಹಾಕುವಾಗ ಎಲ್ಲರೂ ಕನ್ನಡಕ ಹಾಕಬೇಕು, ನಾಯಿಗೂ ಹಾಕುತ್ತಾರೆ. ಕರೆಂಟ್ ಅಂದರೆ ತೊಡೆಯ ಕೂದಲು ತೆಗೆದು, ಜೆಲ್ ಹಚ್ಚಿ ಪ್ಯಾಡ್ ಅಂಟಿಸಿ, ಸಣ್ಣ ಕರೆಂಟ್‌ನಲ್ಲಿ ಮಾಂಸ ಕುಣಿಸುವುದು. ನೋವಿಲ್ಲ. ಕೆಂಪಿ ಅದರಲ್ಲೇ ತೂಕಡಿಸುತ್ತಿದ್ದಳು. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡು ಸೀಮಿತ ಇದ್ದವರು ಲೇಸರ್ ಬಿಟ್ಟು ನೀರು ಮತ್ತು ವ್ಯಾಯಾಮಕ್ಕೆ ಹಾಕಿ.

ಮನೆಗೆ ಸಂಬಂಧಪಟ್ಟ ಸಲಹೆಗಳು ನನಗೆ ತುಂಬಾ ಉಪಯೋಗ ಆದವು. ನಮ್ಮದು ನುಣ್ಣನೆಯ ಟೈಲ್ಸ್ ನೆಲ, ಬೆಂಗಳೂರಿನ ಈಗಿನ ಎಲ್ಲ ಮನೆಗಳ ಹಾಗೆ. ಹಿಂಗಾಲು ಬಲವಿಲ್ಲದ ನಾಯಿಗೆ ಅದು ಎಣ್ಣೆ ಚೆಲ್ಲಿದ ನೆಲ ಇದ್ದ ಹಾಗೆ. ಹಾಲ್‌ನಿಂದ ನೀರಿನ ಬಟ್ಟಲಿನವರೆಗೆ ಯೋಗ ಮ್ಯಾಟ್ ಹಾಸಿ ಅಂದರು, ಹಾಸಿದೆವು. ದಿವಾನ್‌ಗೆ ಅಡ್ಡ ಕಟ್ಟಿದೆವು. ಕತ್ತಿನ ಪಟ್ಟಿ ತೆಗೆದು ಹಾರ್ನೆಸ್ ಹಾಕಿದೆವು. ಎತ್ತುವಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಬೆನ್ನು ನೆಟ್ಟಗೆ ಇರಬೇಕು. ಇನ್ನು ತೂಕ. ಅಮ್ಮ ಬೆಳಿಗ್ಗೆ ಚಹಾ ಜೊತೆ ಎರಡು ಬಿಸ್ಕತ್ತು, ರಾತ್ರಿ ತುಪ್ಪ ಸವರಿದ ಚಪಾತಿ ಚೂರು ಕೊಡುತ್ತಿದ್ದರು. ಅದನ್ನು ನಿಲ್ಲಿಸಿ, ಸೌತೆಕಾಯಿ ಮತ್ತು ಬೇಯಿಸಿದ ಬೀನ್ಸ್ ಶುರು ಮಾಡಿದೆವು. ಈಗ 8.3 ಕೆಜಿ.

ಉಚ್ಚೆ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಬೆನ್ನಿನ ನರಕ್ಕೆ ಪೆಟ್ಟು ಬಿದ್ದ ನಾಯಿಗೆ ಎಷ್ಟೋ ಸಲ ತಾನಾಗಿ ಉಚ್ಚೆ ಹೊಯ್ಯಲು ಆಗುವುದಿಲ್ಲ. ತೊಟ್ಟಿಕ್ಕುತ್ತಾ ಇದ್ದರೆ ಹೋಗುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಚೀಲ ತುಂಬಿ ಹೊರಚೆಲ್ಲುತ್ತಿರುವುದು. ಹೊಟ್ಟೆಯ ಎರಡೂ ಬದಿ ಅಂಗೈ ಇಟ್ಟು ಒತ್ತಿ ಖಾಲಿ ಮಾಡಬೇಕು, ದಿನಕ್ಕೆ ಮೂರು ನಾಲ್ಕು ಸಲ. ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿದ್ದರು, ಆದರೆ ಮನೆಗೆ ಬಂದಮೇಲೆ ನನ್ನ ಕೈಗೆ ಚೀಲ ಸಿಗುತ್ತಲೇ ಇರಲಿಲ್ಲ. ಎರಡು ರಾತ್ರಿ ಭಯದಲ್ಲೇ ಕಳೆದೆ. ಸೆಂಟರ್‌ನಲ್ಲಿ ಇದನ್ನು ಹೇಳಿದಾಗ ಅರ್ಧ ಗಂಟೆ ತಗೊಂಡು, ನನ್ನ ಬೆರಳನ್ನು ಹಿಡಿದು, "ನೀರು ತುಂಬಿದ ಬಲೂನ್ ತರ ಸಿಗುತ್ತೆ, ಇಲ್ಲಿ ನೋಡಿ" ಅಂತ ಮುಟ್ಟಿಸಿ ತೋರಿಸಿದರು. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ಐದನೇ ವಾರಕ್ಕೆ ಅವಳೇ ಹೊಯ್ಯಲು ಶುರು ಮಾಡಿದಳು.

ಇನ್ನು ಸರಿಯಿಲ್ಲದ್ದು. ಬಾಗಿಲಿಗೆ ಮೂರು ಮೆಟ್ಟಿಲು. ನಡೆಯಲಾಗದ ಪ್ರಾಣಿಗಳು ಬರುವ ಜಾಗಕ್ಕೆ ಇಳಿಜಾರು ಇಲ್ಲ ಅಂದರೆ ಹೇಗೆ? ನನ್ನದು ಸಣ್ಣ ನಾಯಿ, ಎತ್ತಿಕೊಳ್ಳುತ್ತೇನೆ. ಸೊಂಟದ ಕೀಲು ಸವೆದ ಒಂದು ಮುದಿ ಲ್ಯಾಬ್ರಡಾರ್ ಬರುತ್ತಿತ್ತು. ಮನೆಯ ಹಿರಿಯರಿಬ್ಬರು ಬೆಡ್‌ಶೀಟ್‌ನಲ್ಲಿ ಜೋಲಿ ಮಾಡಿ ಹತ್ತಿಸುತ್ತಿದ್ದರು, ನೋಡಲಾಗುತ್ತಿರಲಿಲ್ಲ. ಎರಡು ಸಲ ಹೇಳಿದ್ದೇನೆ, ಕಟ್ಟಡದ ಮಾಲೀಕರನ್ನು ಕೇಳಿದ್ದೇವೆ ಅಂದರು. ಮರದ ಹಲಗೆಯಾದರೂ ಹಾಕಬಹುದಲ್ವಾ. ಕಾಯುವ ಜಾಗವೂ ಇಕ್ಕಟ್ಟು. ಬೈಕ್ ಗುದ್ದಿ ಮುಂಗಾಲಿನ ನರ ಹೋದ ಬೀದಿ ನಾಯಿಯೊಂದು ಬರುತ್ತಿತ್ತು, ಅದಕ್ಕೆ ಬೇರೆ ನಾಯಿ ಕಂಡರೆ ಭಯ, ಪಾಪ ಬೆಂಚಿನ ಕೆಳಗೆ ನಡುಗುತ್ತಿತ್ತು. ಬೆಕ್ಕಿನವರು ಬಂದರೆ ಇನ್ನೂ ಕಷ್ಟ. ಸಮಯ ಸ್ವಲ್ಪ ಬಿಡಿ ಬಿಡಿಯಾಗಿ ಕೊಟ್ಟರೆ ಸಾಕು.

ಒಂದು ಭಾನುವಾರ ನಮ್ಮ ಥೆರಪಿಸ್ಟ್ ರಜೆ ಇದ್ದರು. ಬಂದ ಹುಡುಗ ನೀರಿನಿಂದ ತೆಗೆದ ಮೇಲೆ ಸರಿಯಾಗಿ ಒರೆಸದೆ ಕೊಟ್ಟುಬಿಟ್ಟ. ಆಟೋದಲ್ಲಿ ಬರುವಾಗ ಕೆಂಪಿ ನಡುಗಿದಳು. ಆಟೋದವರು ತಮ್ಮ ಸೀಟಿನ ಹಿಂದಿದ್ದ ಒಣ ಟವೆಲ್ ಕೊಟ್ಟು, "ಸುತ್ತಿಕೊಳ್ಳಿ ಮೇಡಂ, ಪಾಪ ಮಗು" ಅಂದರು. ನಾನು ಸಿಟ್ಟಲ್ಲೇ ಮೆಸೇಜ್ ಹಾಕಿದೆ. ಸಂಜೆ ಫೋನ್ ಮಾಡಿ ಕ್ಷಮೆ ಕೇಳಿದರು, ಮುಂದಿನ ಸಲದಿಂದ ಡ್ರೈಯರ್ ಹಾಕಿಯೇ ಕಳಿಸಿದ್ದಾರೆ. ಹತ್ತು ಸೆಷನ್ ಪ್ಯಾಕೇಜ್ ದುಡ್ಡು ಮೊದಲೇ ಕಟ್ಟಿ ಅಂತ ಕೌಂಟರ್‌ನಲ್ಲಿ ಕೇಳುತ್ತಾರೆ. ನಾನು ನಾಲ್ಕಕ್ಕೆ ಮಾತ್ರ ಕಟ್ಟುತ್ತೇನೆ ಅಂದೆ, ಒಪ್ಪಿದರು. ನೀವೂ ಹಾಗೇ ಮಾಡಿ. ಒಟ್ಟು ನನಗೆ 34 ಸಾವಿರದ ಮೇಲೆ ಆಗಿದೆ, ಆಪರೇಷನ್ ಖರ್ಚು ಬೇರೆ. ಕಮ್ಮಿ ದುಡ್ಡಲ್ಲ. ಕಷ್ಟ ಇದ್ದವರು ವಾರಕ್ಕೊಂದೇ ಸೆಷನ್‌ಗೆ ಬಂದು ಉಳಿದದ್ದನ್ನು ಮನೆಯಲ್ಲಿ ಮಾಡುತ್ತೇವೆ ಅಂದರೆ ಇವರು ಅದಕ್ಕೆ ತಕ್ಕ ಹಾಗೆ ಕಲಿಸಿಕೊಡುತ್ತಾರೆ, ಆ ಲ್ಯಾಬ್ರಡಾರ್ ಮನೆಯವರು ಹಾಗೇ ಮಾಡಿದರು. ಹೆಬ್ಬಾಳದಲ್ಲಿ 1958ರಿಂದ ಇರುವ ಸರ್ಕಾರಿ ಪಶುವೈದ್ಯಕೀಯ ಕಾಲೇಜಿದೆ, ಪರೀಕ್ಷೆ, ಎಕ್ಸ್‌ರೇ ಇತ್ಯಾದಿಗೆ ಅಲ್ಲಿಗೆ ಹೋಗಿ ಬರುವವರೂ ಇದ್ದಾರೆ.

ಇನ್ನೊಂದು ವಿಷಯ ಹೇಳಲೇಬೇಕು. ಇಲ್ಲಿಗೆ ಬರುವ ಮೊದಲು ಮನೆಗೇ ಬಂದು ನಾಯಿಗೆ ಮಸಾಜ್ ಮಾಡುತ್ತೇನೆ ಅಂತ ಒಬ್ಬರು ಬಂದಿದ್ದರು. ರಿಪೋರ್ಟ್ ಕೇಳಲಿಲ್ಲ, ಹೊಲಿಗೆ ನೋಡಲಿಲ್ಲ. ಎಣ್ಣೆ ಹಚ್ಚಿ ಎರಡೂ ಕಾಲು ಹಿಡಿದು ಹಿಂದಕ್ಕೆ ಎಳೆದರು. ಕೆಂಪಿ ಕಿರುಚಿದಳು. ತಕ್ಷಣ ನಿಲ್ಲಿಸಿ ಕಳಿಸಿದೆ. ಪ್ರಾಣಿಗಳಿಗೆ ಚಿಕಿತ್ಸೆ ಮಾಡುವವರು ನೋಂದಣಿ ಆದ ಪಶುವೈದ್ಯರಾಗಿರಬೇಕು ಅಂತ 1984ರ ಕಾಯ್ದೆಯೇ ಇದೆ. ಫಿಸಿಯೋ ಮಾಡುವವರು ವೈದ್ಯರೋ, ಇಲ್ಲಾ ವೈದ್ಯರ ಕೈಕೆಳಗೆ ಮಾಡುತ್ತಿದ್ದಾರೋ ಕೇಳಿ. ಕೇಳಲು ಸಂಕೋಚ ಬೇಡ. ಈ ಸೆಂಟರ್‌ನಲ್ಲಿ ಆಪರೇಷನ್ ಮಾಡಿದ ಡಾಕ್ಟರ್ ಜೊತೆ ಫೋನ್‌ನಲ್ಲಿ ಮಾತಾಡಿದ ಮೇಲೆಯೇ ಕೆಂಪಿಯ ಮೈ ಮುಟ್ಟಿದರು.

ಮೊದಲ ಸಲ ಹೋಗುವವರು ಎಲ್ಲ ರಿಪೋರ್ಟ್ ತಗೊಂಡು ಹೋಗಿ, ಹುಷಾರಿದ್ದಾಗ ನಡೆಯುತ್ತಿದ್ದ ಹಳೇ ವಿಡಿಯೋ ಇದ್ದರೆ ಅದೂ ಇರಲಿ. ನೀರಿನ ಸೆಷನ್‌ಗೆ ಮೂರು ಗಂಟೆ ಮೊದಲೇ ಊಟ ಮುಗಿಸಿ, ಹೊರಡುವ ಮೊದಲು ಉಚ್ಚೆ ಕಕ್ಕ ಮಾಡಿಸಿ. ಚರ್ಮದ ಸೋಂಕು ಅಥವಾ ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ, ಅಂಥ ನಾಯಿಗೆ ನೀರು ಆಗಿಬರುವುದಿಲ್ಲ. ನಾಯಿಗೆ ಇಷ್ಟವಾದ ತಿಂಡಿ, ಎರಡು ಒಣ ಟವೆಲ್ ಜೊತೆಗಿರಲಿ. ಶನಿವಾರ ಸಂಜೆ ಬೇಡ, ಗಾಡಿ ನಿಲ್ಲಿಸಲು ಜಾಗ ಸಿಗಲ್ಲ.

ಕೆಂಪಿ ಈಗ ಮನೆ ಮುಂದಿನ ರಸ್ತೆಯಲ್ಲಿ ಹದಿನೈದು ನಿಮಿಷ ನಡೆಯುತ್ತಾಳೆ. ತಿರುಗುವಾಗ ಹಿಂಭಾಗ ಸ್ವಲ್ಪ ಜೋಲಿ ಹೊಡೆಯುತ್ತೆ. ಸುಸ್ತಾದಾಗ ಎಡ ಪಂಜ ಇನ್ನೂ ಮಡಚಿಕೊಂಡು ಉಗುರು ರಸ್ತೆಗೆ ಉಜ್ಜುತ್ತೆ, ಅದಕ್ಕೆ ಸಣ್ಣ ಸಾಕ್ಸ್ ಹಾಕುತ್ತೇವೆ. ಕಳೆದ ವಾರದ ಅಳತೆಯಲ್ಲಿ ಬಲ ತೊಡೆ 19, ಎಡ 18. ಆ ಒಂದು ಸೆಂಟಿಮೀಟರ್‌ಗಾಗಿ ಹಾಲ್‌ನಲ್ಲಿ ಮೂರು ಪಿವಿಸಿ ಪೈಪ್ ಅಡ್ಡ ಇಟ್ಟಿದ್ದೇವೆ, ನೆಲದಿಂದ ಎರಡು ಇಂಚು ಎತ್ತರಕ್ಕೆ. ದಿನಾ ಮಧ್ಯಾಹ್ನ ಅಮ್ಮ ಆ ತುದಿಯಲ್ಲಿ ಸೌತೆಕಾಯಿ ಹಿಡಿದು ಕೂರುತ್ತಾರೆ, ಇವಳು ಒಂದೊಂದೇ ಕಾಲು ಎತ್ತಿ ದಾಟಿಕೊಂಡು ಹೋಗುತ್ತಾಳೆ.